ಅಲುಗದ ಮೇಜು, ಅಂಗೈಯಗಲದ ಜಾಗ

ಮನೆಯಲ್ಲಿ ಇರುವುದು ಒಂದೇ ಮೇಜು. ಅದರ ಒಂದು ತುದಿಯಲ್ಲಿ ಅಕ್ಕ ಭೂಪಟ ಬಿಡಿಸುತ್ತಿದ್ದಾಳೆ. ಇನ್ನೊಂದು ತುದಿಯಲ್ಲಿ ತಮ್ಮ ತಪ್ಪು ಲೆಕ್ಕವನ್ನು ರಬ್ಬರಿನಿಂದ ಉಜ್ಜುತ್ತಿದ್ದಾನೆ. ಅಕ್ಕನ ಶರಾವತಿ ಜೋಗದ ಕಡೆಗೆ ಹೋಗುವ ಬದಲು ಸೊರಬದ ಕಡೆಗೆ ಹರಿದುಬಿಡುತ್ತದೆ! ಜಗಳ ಶುರುವಾಗುತ್ತದೆ. ಅಪ್ಪ ಬಂದು ಹಳೆಯ ಕ್ಯಾಲೆಂಡರಿನ ಹಾಳೆಯನ್ನು ನಾಲ್ಕಾಗಿ ಮಡಿಸಿ ಮೇಜಿನ ಕಾಲಿನಡಿ ತುರುಕುತ್ತಾರೆ. ಎರಡು ದಿನ ಎಲ್ಲವೂ ಸರಿ. ಮೂರನೆಯ ದಿನ ಮತ್ತದೇ ಅಲುಗಾಟ, ಮತ್ತದೇ ಜಗಳ.

ಮೇಜು ಅಲುಗಿದರೆ ನಮಗಾಗುವ ನಷ್ಟ ಬಹುಮಟ್ಟಿಗೆ ಇಷ್ಟೇ. ಆದರೆ ಮೇಜು ಅಲುಗಿದರೆ ಕೈಗೋ ಕಣ್ಣಿಗೋ ಕುತ್ತು ಬರಬಹುದಾದ ಕೆಲಸವೊಂದಿದೆ. ಅಮೆರಿಕದಲ್ಲಿ ಅದನ್ನು ಬಹಳ ಮಂದಿ ಮನೆಯಲ್ಲೇ, ಹವ್ಯಾಸವಾಗಿ ಮಾಡುತ್ತಾರೆ. ಒಮ್ಮೆ ಹಾರಿಸಿದ ಬಂದೂಕಿನ ತೋಟಾವನ್ನು ಮತ್ತೆ ತುಂಬುವ ಕೆಲಸ ಅದು. ಅಲ್ಲಿ ಇದಕ್ಕೆ ‘ರೀಲೋಡಿಂಗ್’ ಎಂಬ ಹೆಸರಿದೆ. ಅದಕ್ಕೆ ಬೇಕಾದ ಮೇಜನ್ನು ಇಕ್ಕಟ್ಟಾದ ಜಾಗದಲ್ಲಿ ಗಟ್ಟಿಯಾಗಿ ನಿಲ್ಲಿಸುವುದು ಹೇಗೆ ಎಂಬುದೇ ಅಲ್ಲಿ ಒಂದು ಶಾಸ್ತ್ರದಂತೆ ಬೆಳೆದಿದೆ. ಬಂದೂಕಿನ ಗೊಡವೆ ನಮಗೆ ಬೇಡ. ಆದರೆ ಆ ಮೇಜಿನೊಳಗೆ ಪ್ರೌಢಶಾಲೆಯ ಭೌತವಿಜ್ಞಾನದ ಅರ್ಧ ಪುಸ್ತಕವೇ ಅಡಗಿದೆ ಎಂದರೆ ತಪ್ಪಲ್ಲ.

ಕೊಡಗಿನ, ಮಲೆನಾಡಿನ ಹಿರಿಯರಿಗೆ ಕೇಪಿನ ಕೋವಿಗೂ ತೋಟಾ ಕೋವಿಗೂ ಇರುವ ವ್ಯತ್ಯಾಸ ಗೊತ್ತು. ಕೇಪಿನ ಕೋವಿಗೆ ಪ್ರತಿ ಸಲವೂ ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಗಜದಿಂದ ಜಡಿಯಬೇಕು. ತೋಟಾ ಎಂದರೆ ಅವೆಲ್ಲವೂ ಮೊದಲೇ ಒಂದೇ ಚಿಪ್ಪಿನಲ್ಲಿ ತುಂಬಿ ಸಿದ್ಧವಾಗಿರುವ ಪೊಟ್ಟಣ. ಹಿತ್ತಾಳೆಯ ಚಿಪ್ಪು, ಅದರ ತಳದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಾರಿಸಿದಾಗ ಕೇಪು ಸಿಡಿಯುತ್ತದೆ, ಮದ್ದು ಉರಿಯುತ್ತದೆ, ಗುಂಡು ಹೋಗುತ್ತದೆ. ಉಳಿಯುವುದು ಹಿತ್ತಾಳೆಯ ಚಿಪ್ಪು. ನಾಲ್ಕರಲ್ಲಿ ಹೆಚ್ಚು ಬೆಲೆಯದೂ ಸಾಮಾನ್ಯವಾಗಿ ಅದೇ. ಅದನ್ನು ಎಸೆಯುವುದೇಕೆ ಎಂಬ ಜಿಪುಣತನದಿಂದ ಹುಟ್ಟಿದ ಹವ್ಯಾಸ ಇದು. ಗುರಿ ಸ್ಪರ್ಧೆಗೆ ಹೋಗುವವರಿಗೆ ಇನ್ನೊಂದು ಕಾರಣವೂ ಉಂಟು. ತಾವೇ ತುಂಬಿದರೆ ಒಂದು ತೋಟಾ ಇನ್ನೊಂದರಂತೆಯೇ ಇರುತ್ತದೆ. ಸ್ವಂತ ಬಳಕೆಗೆ ಹೀಗೆ ತುಂಬಿಕೊಳ್ಳಲು ಅಲ್ಲಿನ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕೇ ಬೇಕು. ಆದ್ದರಿಂದ ಇದನ್ನು ದೂರದಿಂದ ನೋಡಿ ಕಲಿಯುವುದಷ್ಟೇ ನಮ್ಮ ಪಾಲಿಗೆ.

ಈ ಹವ್ಯಾಸದ ಸಲಕರಣೆಗಳ ಇತಿಹಾಸ ಕೂಡ ಇಕ್ಕಟ್ಟಾದ ಜಾಗದಿಂದಲೇ ಆರಂಭವಾಗುತ್ತದೆ. 1943ರಲ್ಲಿ, ಯುದ್ಧದ ದೆಸೆಯಿಂದ ಬೇಟೆಯ ಗುಂಡುಗಳು ಸಿಗದಿದ್ದಾಗ, ಕ್ಯಾಲಿಫೋರ್ನಿಯದ ಓರೊವಿಲ್ ಎಂಬ ಊರಿನ ಫ್ರೆಡ್ ಹಂಟಿಂಗ್ಟನ್ ತಮ್ಮ ತಂದೆಯ ಲಾಂಡ್ರಿಯ ಹಿಂಬದಿ ಕೋಣೆಯಲ್ಲಿ ಗುಂಡು ಒತ್ತುವ ಅಚ್ಚುಗಳನ್ನು ತಯಾರಿಸತೊಡಗಿದರು. ಮುಂದೆ ಅದೇ ‘ಆರ್‌ಸಿಬಿಎಸ್’ ಎಂಬ ದೊಡ್ಡ ಕಂಪನಿಯಾಯಿತು. ಹೆಸರಿನ ಮೊದಲೆರಡು ಅಕ್ಷರಗಳು ‘ರಾಕ್ ಚಕ್’ ಎಂಬ ಬೆಟ್ಟದ ಪ್ರಾಣಿಯವು. ಬಂಡೆಗಳ ನಡುವೆ ಬಿಲ ತೋಡುವ, ಅಳಿಲಿನ ಕುಲದ ಪ್ರಾಣಿ ಅದು.

ಇನ್ನು ಮೇಜಿನ ವಿಷಯ. ಹಾರಿಸಿದ ಚಿಪ್ಪು ಶಾಖಕ್ಕೂ ಒತ್ತಡಕ್ಕೂ ಸ್ವಲ್ಪ ಊದಿಕೊಂಡಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ ತಳ್ಳಿ ಮೊದಲಿನ ಗಾತ್ರಕ್ಕೆ ತರಬೇಕು. ಈ ಕೆಲಸಕ್ಕೆ ಮೇಜಿನ ಅಂಚಿಗೆ ಬೋಲ್ಟು ಹಾಕಿ ಕೂರಿಸುವ ‘ಪ್ರೆಸ್’ ಇದೆ. ಉದ್ದನೆಯ ಹಿಡಿಕೆಯನ್ನು ಕೆಳಗೆ ಎಳೆದರೆ ಒಳಗಿನ ಕೊಂತ ಚಿಪ್ಪನ್ನು ಹೊತ್ತು ಮೇಲೇರುತ್ತದೆ. ಸನ್ನೆಕೋಲಿನ ಮಹಿಮೆಯಿಂದ ಕೈಯ ಬಲ ಅನೇಕ ಪಟ್ಟು ಹೆಚ್ಚಿ ಹಿತ್ತಾಳೆಯನ್ನೇ ಬಗ್ಗಿಸುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿಗಳೂ ಎಡವುವ ಒಂದು ಪ್ರಶ್ನೆ ಇದೆ. ಪ್ರೆಸ್‌ನ ಒಳಗೆ ನೂರಾರು ಕಿಲೋ ಬಲ ಉಂಟಾಗುತ್ತದೆಯಲ್ಲ, ಮೇಜು ಅಷ್ಟನ್ನೂ ತಡೆಯಬೇಕೆ? ಬೇಡ! ಅಡಿಕೆ ಕತ್ತರಿಯನ್ನು ನೆನಪಿಸಿಕೊಳ್ಳಿ. ಅಡಿಕೆ ಎಷ್ಟೇ ಗಟ್ಟಿಯಿದ್ದರೂ ಅದನ್ನು ಒಡೆಯುವ ಬಲವೆಲ್ಲ ಕತ್ತರಿಯ ಎರಡು ತೋಳುಗಳ ನಡುವೆಯೇ ತೀರಿಹೋಗುತ್ತದೆ. ಕತ್ತರಿ ಹಿಡಿದವನು ಕುಳಿತ ಮಣೆಗೆ ಅದರ ಸುದ್ದಿಯೇ ಇಲ್ಲ. ಹಾಗೆಯೇ ಪ್ರೆಸ್‌ನ ಕೊಂತ ಮೇಲಕ್ಕೆ ಎಷ್ಟು ಒತ್ತುತ್ತದೆಯೋ ಅದರ ಉಕ್ಕಿನ ಚೌಕಟ್ಟು ಕೆಳಕ್ಕೆ ಅಷ್ಟೇ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ಬಲ ಚೌಕಟ್ಟಿನೊಳಗೇ ಸುತ್ತು ಹಾಕುತ್ತದೆ. ಮೇಜಿಗೆ ತಟ್ಟುವುದು ಹಿಡಿಕೆಯನ್ನು ಎಳೆದ ಕೈಯ ಬಲ ಮಾತ್ರ.

ಆ ಕೈಬಲವೇನು ಕಡಿಮೆಯೆ? ಒಂದು ಲೆಕ್ಕ ಹಾಕೋಣ. ಸಣ್ಣ ಕೋಣೆಯಲ್ಲಿ ಒಬ್ಬಾತ 30 ಸೆಂ.ಮೀ. ಅಗಲದ, 90 ಸೆಂ.ಮೀ. ಎತ್ತರದ ಮೇಜು ಇಟ್ಟಿದ್ದಾನೆ ಎಂದುಕೊಳ್ಳಿ. ಮೇಜಿನ ತೂಕ 20 ಕಿಲೋ. ಗುರುತ್ವಕೇಂದ್ರ ನಟ್ಟನಡುವೆ, ಅಂದರೆ ಮುಂಗಾಲಿನಿಂದ 15 ಸೆಂ.ಮೀ. ಹಿಂದೆ. ಹಿಡಿಕೆ ಮುಂಗಾಲಿನಿಂದ 30 ಸೆಂ.ಮೀ. ಮುಂದಕ್ಕೆ ಚಾಚಿದೆ. ಆತ 20 ಕಿಲೋ ಬಲದಿಂದ ಎಳೆಯುತ್ತಾನೆ. ಮೇಜನ್ನು ಮುಂದಕ್ಕೆ ಉರುಳಿಸಲು ನೋಡುವ ಬಲಭ್ರಾಮಕ 20 × 30, ಅಂದರೆ 600. ಅದನ್ನು ಹಿಡಿದು ನಿಲ್ಲಿಸುವ ಮೇಜಿನ ತೂಕದ ಭ್ರಾಮಕ 20 × 15, ಅಂದರೆ 300. ಮೇಜು ಮಗುಚಿ ಅವನ ಮೈಮೇಲೆಯೇ ಬರುತ್ತದೆ! ಇದೇ ಮೇಜು 60 ಸೆಂ.ಮೀ. ಅಗಲವಿದ್ದು 40 ಕಿಲೋ ತೂಗಿದ್ದರೆ ಹಿಡಿದಿಡುವ ಭ್ರಾಮಕ 1200 ಆಗುತ್ತಿತ್ತು. ಚಿಂತೆಯೇ ಇರಲಿಲ್ಲ. ಆದರೆ ಅಷ್ಟು ಜಾಗ ಎಲ್ಲಿದೆ?

ಹಲವರು ಮಾಡುವ ಉಪಾಯವೆಂದರೆ ಕೆಳಗಿನ ಹಲಗೆಯ ಮೇಲೆ ಭಾರ ಹೇರುವುದು. ಸೀಸದ ಚರೆಯ ಚೀಲಗಳು ಈ ಹವ್ಯಾಸಿಗಳ ಬಳಿ ಹೇಗೂ ಇರುತ್ತವೆ. ಚೀಲಗಳನ್ನು ಹಿಂಭಾಗದಲ್ಲಿ, ಮುಂಗಾಲಿನಿಂದ 25 ಸೆಂ.ಮೀ. ದೂರದಲ್ಲಿ ಇಟ್ಟರೆ 25 ಕಿಲೋಗೆ 625ರಷ್ಟು ಭ್ರಾಮಕ ಸಿಗುತ್ತದೆ. ಸಾಕು. ಅದೇ ಚೀಲವನ್ನು ಮುಂಗಾಲಿನ ನೇರಕ್ಕೆ ಇಟ್ಟರೆ ದೊರೆಯುವುದು ಸೊನ್ನೆ. ಮೇಜು ಭಾರವಾಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಭಾರ ಎಲ್ಲಿರಬೇಕು ಎಂದು ಹೇಳುವವರು ಕಡಿಮೆ.

ಇದಕ್ಕಿಂತ ಸೊಗಸಾದ ಉಪಾಯ ಗೋಡೆಯದು. ಮೇಜಿನ ಹಿಂಬದಿಯ ಮೇಲಂಚನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿದರೆ ಆ ಸ್ಕ್ರೂ ನೆಲದಿಂದ 90 ಸೆಂ.ಮೀ. ಎತ್ತರದಲ್ಲಿರುತ್ತದೆ. ಕೊರತೆ ಬಿದ್ದಿರುವ ಭ್ರಾಮಕ 300. ಅದನ್ನು 90ರಿಂದ ಭಾಗಿಸಿ. 3 ಕಿಲೋಗಿಂತ ತುಸು ಹೆಚ್ಚು ಅಷ್ಟೆ. ಸಂತೆಯಿಂದ ತರುವ ತರಕಾರಿ ಚೀಲದಷ್ಟು! 25 ಕಿಲೋ ಸೀಸ ಮಾಡುವ ಕೆಲಸವನ್ನು 3 ಕಿಲೋ ಎಳೆತ ಮಾಡಿಬಿಡುತ್ತದೆ, ಏಕೆಂದರೆ ಗೋಡೆ ಹಿಡಿದಿರುವ ಸನ್ನೆಕೋಲು ಉದ್ದವಾದುದು. ನಿಜವಾದ ಬಳಕೆಯಲ್ಲಿ ಜಗ್ಗಾಟ, ಎಳೆದಾಟ ಇರುವುದರಿಂದ ಸ್ಕ್ರೂ ಇದಕ್ಕಿಂತ ಹಲವು ಪಟ್ಟು ಗಟ್ಟಿಯಾಗಿರಬೇಕು, ಸರಿ. ಆದರೂ ಎರಡೋ ಮೂರೋ ಸ್ಕ್ರೂ ಸಾಕು.

ಹಿಡಿಕೆ ಕೆಳಗೆ ಬಂದಂತೆ ಮೇಲೂ ಹೋಗಬೇಕಲ್ಲ? ಚಿಪ್ಪು ಅಚ್ಚಿನಲ್ಲಿ ಕಚ್ಚಿಕೊಂಡಿದ್ದರೆ ಹಿಡಿಕೆಯನ್ನು ಜೋರಾಗಿ ಮೇಲೆತ್ತಬೇಕಾಗುತ್ತದೆ. ಆಗ ಹಿಂಗಾಲು ಆಧಾರವಾಗಿ ಮೇಜಿನ ಮುಂಭಾಗ ಏಳಲು ನೋಡುತ್ತದೆ. ಈ ಸಲ ಲೆಕ್ಕ ನೀವೇ ಹಾಕಿ. ಹಿಡಿಕೆಯಿಂದ ಹಿಂಗಾಲಿಗೆ ಇರುವ ದೂರ 60 ಸೆಂ.ಮೀ. ಉತ್ತರ 5 ಕಿಲೋ ಬರುತ್ತದೆ. ಅಂದರೆ ಖಾಲಿ ಮೇಜನ್ನು ಚಿಕ್ಕ ಹುಡುಗನೂ ಎತ್ತಬಲ್ಲ. ಗೋಡೆಗೆ ತಾಗಿ ನಿಂತಿದ್ದರೆ ಮಾತ್ರ ಮೇಜಿನ ಹಿಂದಂಚು ಗೋಡೆಗೆ ಒತ್ತಿಕೊಂಡು ಅಲ್ಲೇ ನಿಲ್ಲುತ್ತದೆ. ಗೋಡೆಯ ಬುಡದಲ್ಲಿ ಪಟ್ಟಿ ಇರುವ ಮನೆಗಳಲ್ಲಿ ಮೇಜು ಗೋಡೆಗೆ ಪೂರ್ತಿ ತಾಗುವುದಿಲ್ಲ, ಬೆರಳಗಲ ಸಂದು ಉಳಿಯುತ್ತದೆ. ಆ ಸಂದಿಗೆ ಮರದ ರೀಪು ಕೊಟ್ಟೇ ಸ್ಕ್ರೂ ಹಾಕಬೇಕು. ಇಲ್ಲದಿದ್ದರೆ ಆ ಬೆರಳಗಲವೇ ಅಲುಗಾಟಕ್ಕೆ ರಹದಾರಿ.

ಅಮೆರಿಕದ ಗೋಡೆಗಳ ಬಗ್ಗೆ ಒಂದು ಮಾತು ಹೇಳಬೇಕು. ಅಲ್ಲಿನ ಬಹಳಷ್ಟು ಮನೆಗಳು ಮರದ ಚೌಕಟ್ಟಿನವು. ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಲ್ಲಿಸಿದ ‘ಸ್ಟಡ್’ ಎಂಬ ಕಂಬಗಳು, ಅವುಗಳ ಮೇಲೆ ಅರ್ಧ ಇಂಚಿನ ಜಿಪ್ಸಮ್ ಹಲಗೆ. ಜಿಪ್ಸಮ್ ಎಂದರೆ ನಮ್ಮ ತರಗತಿಯ ಸೀಮೆಸುಣ್ಣದ ಜಾತಿಯದು. ಅದಕ್ಕೆ ಹೊಡೆದ ಸ್ಕ್ರೂ ಮಜ್ಜಿಗೆಯಲ್ಲಿ ನೆಟ್ಟ ಕಡಗೋಲಿನಂತೆ. ಆದ್ದರಿಂದ ಮೊದಲು ಕಂಬ ಎಲ್ಲಿದೆ ಎಂದು ಹುಡುಕಬೇಕು. ಗೋಡೆ ತಟ್ಟಿ ಸದ್ದಿನಿಂದ ಪತ್ತೆ ಹಚ್ಚುವವರಿದ್ದಾರೆ. ಸಣ್ಣ ಅಯಸ್ಕಾಂತವನ್ನು ಗೋಡೆಯ ಮೇಲೆ ಮೆಲ್ಲಗೆ ಸರಿಸುವುದು ಇನ್ನೂ ಸುಲಭ. ಜಿಪ್ಸಮ್ ಹಲಗೆಯನ್ನು ಕಂಬಕ್ಕೆ ಬಿಗಿದ ಮೊಳೆ ಇರುವಲ್ಲಿ ಅದು ಅಂಟಿಕೊಳ್ಳುತ್ತದೆ. ನಮ್ಮ ಇಟ್ಟಿಗೆ ಗೋಡೆಗೆ ಈ ಹುಡುಕಾಟ ಬೇಡ. ಗಾರೆಯ ತೆಳು ಪದರ ದಾಟಿ ಇಟ್ಟಿಗೆಯೊಳಕ್ಕೆ ಪ್ಲಗ್ ಹೋದರೆ ಸಾಕು.

ಮಗುಚುವುದೊಂದು ಬಗೆಯಾದರೆ ಪಕ್ಕಕ್ಕೆ ಓಲಾಡುವುದು ಇನ್ನೊಂದು. ಶಾಲೆಯ ಡೆಸ್ಕುಗಳು ವರ್ಷ ಕಳೆದಂತೆ ಎಡಕ್ಕೂ ಬಲಕ್ಕೂ ವಾಲುವುದನ್ನು ಎಲ್ಲರೂ ಕಂಡಿದ್ದೀರಿ. ಕಾರಣ ಸರಳ. ನಾಲ್ಕು ಕಡ್ಡಿಗಳನ್ನು ಮೂಲೆಗೊಂದು ಗುಂಡುಸೂಜಿ ಚುಚ್ಚಿ ಚೌಕ ಮಾಡಿ ನೋಡಿ. ಬೆರಳಲ್ಲಿ ನೂಕಿದರೆ ಸಮಾಂತರ ಚತುರ್ಭುಜವಾಗಿ ಮಲಗಿಬಿಡುತ್ತದೆ. ಬಾಹುಗಳ ಉದ್ದ ಬದಲಾಗದೆಯೇ ಆಕಾರ ಬದಲಾಗಬಹುದು. ಮೂರು ಕಡ್ಡಿಗಳ ತ್ರಿಕೋನಕ್ಕೆ ಆ ಸ್ವಾತಂತ್ರ್ಯವಿಲ್ಲ. ಮೂರು ಬಾಹುಗಳು ಗೊತ್ತಾದರೆ ತ್ರಿಕೋನ ಒಂದೇ ಎಂದು ರೇಖಾಗಣಿತದಲ್ಲಿ ಉರು ಹೊಡೆದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಚೌಕಕ್ಕೆ ಕರ್ಣವಾಗಿ ಒಂದೇ ಒಂದು ಕಡ್ಡಿ ಸೇರಿಸಿ. ಅದು ಎರಡು ತ್ರಿಕೋನವಾಗಿ ಕಲ್ಲಿನಂತೆ ನಿಲ್ಲುತ್ತದೆ. ವಿದ್ಯುತ್ ಗೋಪುರಗಳಲ್ಲಿ, ತೋಟದ ಗೇಟಿನಲ್ಲಿ ಓರೆಪಟ್ಟಿ ಇರುವುದು ಅಂದಕ್ಕಲ್ಲ.

ಇಕ್ಕಟ್ಟಾದ ಜಾಗದಲ್ಲಿ ಓರೆಪಟ್ಟಿ ಮೊಣಕಾಲಿಗೆ ತಾಗುತ್ತದೆ ಎಂಬ ತಕರಾರು ಇದೆ. ಅದಕ್ಕೆ ಮದ್ದು ಹಿಂಬದಿಗೆ ಬಡಿಯುವ ಪ್ಲೈವುಡ್ ಹಾಳೆ. ಒಂದು ಹಾಳೆಯೆಂದರೆ ಅಸಂಖ್ಯ ಕರ್ಣಗಳು ಒತ್ತೊತ್ತಾಗಿ ಕುಳಿತಂತೆ. ಜಾಗ ತಿನ್ನುವುದು ಅದರ ದಪ್ಪದಷ್ಟೇ, ಒಂದು ಸೆಂಟಿಮೀಟರಿಗೂ ಕಡಿಮೆ. ಅಕ್ಕತಮ್ಮಂದಿರ ಮೇಜಿಗೂ ಬೇಕಾದದ್ದು ಇದೇ ಇರಬಹುದು. ಕ್ಯಾಲೆಂಡರಿನ ಹಾಳೆ ನೆಲದ ಏರುತಗ್ಗನ್ನು ಸರಿಪಡಿಸೀತೇ ಹೊರತು ಸಡಿಲಾದ ಮೂಲೆಗಳನ್ನಲ್ಲ. ಯಾವ ರೋಗ ಎಂದು ತಿಳಿಯಲು ಮೇಜನ್ನು ಮೂಲೆಯಲ್ಲಿ ಒತ್ತಿ ನೋಡಬೇಕು. ಒಂದು ಕಾಲು ನೆಲ ಬಿಟ್ಟೇಳುತ್ತಿದ್ದರೆ ದೋಷ ನೆಲದ್ದೋ ಕಾಲಿನದೋ. ನಾಲ್ಕೂ ಕಾಲು ನೆಲದಲ್ಲೇ ಇದ್ದು ಮೇಲ್ಭಾಗ ಮಾತ್ರ ಓಲಾಡಿದರೆ ದೋಷ ಕೀಲುಗಳದು.

ನೆಲದ ಮಾತು ಬಂತು. ಅಮೆರಿಕದವರಿಗೆ ಹೀಗೆ ಮೇಜು ಹಾಕಲು ಸಿಗುವ ಜಾಗವೆಂದರೆ ಕಾರು ನಿಲ್ಲುವ ಗ್ಯಾರೇಜಿನ ಒಂದು ಮೂಲೆ. ಅಲ್ಲಿನ ನೆಲ ನಮ್ಮ ಬಚ್ಚಲಿನಂತೆ, ನೀರು ಹೊರಗೆ ಹರಿಯಲೆಂದು ಬಾಗಿಲ ಕಡೆಗೆ ತುಸು ಇಳಿಜಾರಾಗಿರುತ್ತದೆ. ನಾಲ್ಕು ಕಾಲಿನ ಮೇಜು ಅಲ್ಲಿ ಕುಂಟುವುದು ಸಹಜ. ಹಾಲು ಕರೆಯುವವರ ಮೂರು ಕಾಲಿನ ಮಣೆ ಎಂಥ ಕೊಟ್ಟಿಗೆಯಲ್ಲೂ ಕುಂಟುವುದಿಲ್ಲ. ಮೂರು ಬಿಂದುಗಳ ಮೂಲಕ ಯಾವಾಗಲೂ ಒಂದು ಸಮತಲ ಹಾಯುತ್ತದೆ. ನಾಲ್ಕನೆಯದು ಆ ಸಮತಲದಲ್ಲಿ ಇದ್ದರುಂಟು, ಇಲ್ಲದಿದ್ದರಿಲ್ಲ. ಜಾಣರು ಹಿಂಗಾಲುಗಳನ್ನೇ ತೆಗೆದುಹಾಕಿ ಗೋಡೆಗೆ ಅಡ್ಡಪಟ್ಟಿ ಬಿಗಿದು ಅದರ ಮೇಲೆ ಹಲಗೆ ಕೂರಿಸುತ್ತಾರೆ. ಮುಂದೆ ಎರಡೇ ಕಾಲು. ಅವನ್ನು ನೆಲಕ್ಕೆ ತಕ್ಕಂತೆ ಕೊಯ್ದರಾಯಿತು.

ಮೇಲಿನ ಹಲಗೆ ಎಷ್ಟು ದಪ್ಪವಿರಬೇಕು? ಹಲಗೆ ಬಾಗದಿರುವ ಗುಣ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಇಮ್ಮಡಿಯಾದರೆ ಗಡಸು ಎಂಟು ಪಟ್ಟು. ಇಲ್ಲೊಂದು ತಮಾಷೆ ಇದೆ. 18 ಮಿ.ಮೀ.ನ ಎರಡು ಪ್ಲೈವುಡ್ ಹಲಗೆಗಳನ್ನು ಒಂದರ ಮೇಲೊಂದು ಸುಮ್ಮನೆ ಇಟ್ಟರೆ ಗಡಸು ಎರಡೇ ಪಟ್ಟು. ನಡುವೆ ಗೋಂದು ಬಳಿದು ಸ್ಕ್ರೂ ಹಾಕಿ ಒಂದಾಗಿಸಿದರೆ ಎಂಟು ಪಟ್ಟು! ಖರ್ಚಾದ ಮರ ಅಷ್ಟೇ. ಸುಮ್ಮನೆ ಇಟ್ಟಾಗ ಬಾಗುವಾಗ ಒಂದರ ಮೇಲೊಂದು ಜಾರುತ್ತವೆ. ಅಂಟಿಸಿದಾಗ ಜಾರಲು ಆಗುವುದಿಲ್ಲ. ಎರಡೆರಡು ಪೋಸ್ಟ್‌ಕಾರ್ಡುಗಳಿಂದ ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಜೋಡಿಗೆ ಪೂರ್ತಿ ಗೋಂದು ಬಳಿದು ಪುಸ್ತಕದ ಭಾರದಡಿ ಒಣಗಿಸಿ. ಇನ್ನೊಂದು ಜೋಡಿ ಬಿಡಿಯಾಗಿರಲಿ. ಎರಡು ಪುಸ್ತಕಗಳ ನಡುವೆ ಸೇತುವೆಯಂತಿಟ್ಟು ನಾಣ್ಯಗಳನ್ನು ಹೇರುತ್ತ ಹೋಗಿ, ಯಾವುದು ಬೇಗ ಬಾಗುತ್ತದೆಂದು ನೋಡಿ.

ಉದ್ದದ ನಿಯಮ ಇದಕ್ಕೆ ತಿರುಗಾಮುರುಗ. ಆಧಾರಗಳ ನಡುವಿನ ದೂರ ಅರ್ಧವಾದರೆ ಬಾಗು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಮೇಜು ಗಿಡ್ಡವಾಯಿತೆಂದು ಕೊರಗುವವನು ನಿಜಕ್ಕೂ ಅದೃಷ್ಟವಂತ. ಅವನ ಹಲಗೆ ಉದ್ದನೆಯ ಮೇಜಿನದಕ್ಕಿಂತ ತಾನಾಗಿಯೇ ಗಡಸು. ಸಣ್ಣ ಮೇಜಿಗೆ ಇಲ್ಲದಿರುವುದು ಮಗುಚದ ಗುಣ ಒಂದೇ. ಅದನ್ನು ಗೋಡೆಯಿಂದ ಸಾಲ ತಂದರಾಯಿತು.

ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಈ ಸಂಕಟ ಬೆಂಗಳೂರಿನಲ್ಲಿರುವಂತೆ ಷಿಕಾಗೊದಲ್ಲೂ ಇದೆ. ಅಂಥವರಲ್ಲಿ ಅನೇಕರು ‘ವರ್ಕ್‌ಮೇಟ್’ ಎಂಬ ಮಡಚುವ ಮೇಜಿನ ಮೊರೆ ಹೋಗುತ್ತಾರೆ. ಇದನ್ನು ಕಂಡುಹಿಡಿದವರು ರಾನ್ ಹಿಕ್‌ಮನ್. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ ಲೋಟಸ್ ಕಂಪನಿಯಲ್ಲಿ ಕಾರು ವಿನ್ಯಾಸ ಮಾಡುತ್ತಿದ್ದವರು. 1961ರಲ್ಲಿ ಮನೆಯಲ್ಲಿ ಬಟ್ಟೆ ಬೀರು ಮಾಡುತ್ತ, ಮೇಜಿಲ್ಲದೆ ಒಳ್ಳೆಯ ಕುರ್ಚಿಯೊಂದರ ಮೇಲೆ ಮರ ಇಟ್ಟು ಕೊಯ್ಯುವಾಗ ಕುರ್ಚಿಯನ್ನೂ ಕೊಯ್ದುಬಿಟ್ಟರು. ಆ ಕುರ್ಚಿ ಹಾಳಾದದ್ದು ಲೋಕಕ್ಕೆ ಲಾಭವಾಯಿತು. ಅವರ ಮಡಚುವ ಮೇಜನ್ನು ಹೆಸರಾಂತ ಕಂಪನಿಗಳು ಬೇಡವೆಂದವು. ಹಿಕ್‌ಮನ್ ತಾವೇ ತಯಾರಿಸಿ ಅಂಚೆಯ ಮೂಲಕ ಮಾರಿದರು. ಮೊದಲು ಬೇಡವೆಂದವರಲ್ಲಿ ಒಬ್ಬರಾದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯವರೇ 1970ರ ದಶಕದ ಆರಂಭದಲ್ಲಿ ಮನಸ್ಸು ಬದಲಿಸಿದರು. ಮುಂದೆ ಅದು ಕೋಟಿಗಟ್ಟಲೆ ಮಾರಾಟವಾಯಿತು.

ವರ್ಕ್‌ಮೇಟ್ ಹಗುರ. ಹಾಗಾದರೆ ಮಗುಚದೆ ನಿಲ್ಲುವುದು ಹೇಗೆ? ಅದರ ಕೆಳಭಾಗದಲ್ಲಿ ಒಂದು ಮೆಟ್ಟಿಲು ಇದೆ. ಕೆಲಸ ಮಾಡುವವನು ಅದರ ಮೇಲೆ ಒಂದು ಕಾಲಿಟ್ಟು ನಿಲ್ಲುತ್ತಾನೆ. ಅವನ ಮೈತೂಕವೇ ಮೇಜಿನ ತೂಕವಾಗುತ್ತದೆ! ಗೋಡೆಯಿಲ್ಲದವನು ತನ್ನ ಕಾಲನ್ನೇ ಗೋಡೆ ಮಾಡಿಕೊಂಡ ಹಾಗೆ. ಪ್ರೆಸ್ ಅನ್ನು ದಪ್ಪ ಹಲಗೆಯ ತುಂಡಿಗೆ ಬೋಲ್ಟು ಮಾಡಿ ಆ ಹಲಗೆಯನ್ನು ವರ್ಕ್‌ಮೇಟ್‌ನ ದವಡೆಯಲ್ಲಿ ಕಚ್ಚಿಸಿದರೆ ಕೆಲಸಕ್ಕೆ ಸಿದ್ಧ. ಮುಗಿದ ಮೇಲೆ ಮಡಚಿ ಬೀರುವಿನ ಹಿಂದೆ.

ಇಷ್ಟೆಲ್ಲ ಹಟ ಏಕೆ ಎಂಬುದು ತಕ್ಕಡಿಯ ಹತ್ತಿರ ಬಂದಾಗ ತಿಳಿಯುತ್ತದೆ. ಮದ್ದನ್ನು ತೂಗುವುದು ಗ್ರಾಮಿನಲ್ಲಲ್ಲ, ‘ಗ್ರೇನ್’ ಎಂಬ ಹಳೆಯ ಅಳತೆಯಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಮ್. ನಮ್ಮ ಅಜ್ಜಿಯರ ಬಂಗಾರದ ಲೆಕ್ಕಕ್ಕೂ ಇದಕ್ಕೂ ನಂಟಿದೆ. ಬ್ರಿಟಿಷರು ನಿಗದಿ ಮಾಡಿದ ತೊಲವೆಂದರೆ 180 ಗ್ರೇನ್. ಅಕ್ಕಸಾಲಿಗರ ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ರೀಲೋಡಿಂಗ್ ತಕ್ಕಡಿ ಗ್ರೇನಿನ ಹತ್ತನೆಯ ಒಂದು ಭಾಗವನ್ನು, ಎಂದರೆ ಎರಡು ಮೂರು ಸಾಸಿವೆ ಕಾಳಿನ ತೂಕವನ್ನು, ಗುರುತಿಸಬೇಕು. ಸಣ್ಣ ಪಿಸ್ತೂಲಿನ ತೋಟಾಕ್ಕೆ ಬೇಕಾಗುವ ಮದ್ದೇ ಕೆಲವು ಗ್ರೇನ್. ಅದು ಎಷ್ಟೋ ಸಲ ಚಿಪ್ಪಿನ ಅರ್ಧವನ್ನೂ ತುಂಬುವುದಿಲ್ಲ. ಮೈಮರೆತು ಎರಡು ಸಲ ಹಾಕಿದರೂ ಹೊರಚೆಲ್ಲದೆ ಒಳಗೇ ಕುಳಿತುಬಿಡುತ್ತದೆ. ಅಂಥ ತೋಟಾ ಹಾರಿಸಿದಾಗ ಬಂದೂಕೇ ಸಿಡಿದು ಹಿಡಿದವನ ಕೈಬೆರಳು, ಕಣ್ಣು ಹೋಗಬಹುದು.

ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸೂಕ್ಷ್ಮ ತಕ್ಕಡಿಗಳನ್ನು ಗೋಡೆಯೊಳಕ್ಕೆ ಕಟ್ಟಿದ ಕಲ್ಲಿನ ಚಪ್ಪಡಿಯ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿರುವುದನ್ನು ಪಾಲಕರಲ್ಲಿ ಅನೇಕರು ನೋಡಿರುತ್ತೀರಿ. ಕಲ್ಲು ಅಲುಗಾಟಕ್ಕೆ, ಗಾಜು ಗಾಳಿಗೆ. ಇಲ್ಲಿಯೂ ಅದೇ. ತಕ್ಕಡಿಯನ್ನು ಪ್ರೆಸ್ ಇರುವ ಹಲಗೆಯ ಮೇಲೆ ಇಡದೆ ಗೋಡೆಯ ಬೇರೆ ಕಂಬಕ್ಕೆ ಬಿಗಿದ ಸಣ್ಣ ಗೂಡುಹಲಗೆಯ ಮೇಲಿಡುತ್ತಾರೆ, ಕಣ್ಣಿನ ಮಟ್ಟಕ್ಕೆ. ಫ್ಯಾನ್ ನಿಲ್ಲಿಸುತ್ತಾರೆ. ಎಲೆಕ್ಟ್ರಾನಿಕ್ ತಕ್ಕಡಿ ಬಂದಮೇಲೂ ಈ ಕಟ್ಟಳೆ ತಪ್ಪಿಲ್ಲ. ಮೇಜು ನಡುಗಿದರೆ ಅದರಲ್ಲಿ ಅಂಕಿಗಳು ಕುಣಿಯುತ್ತವೆ. ಇನ್ನೊಂದು ಗೂಡುಹಲಗೆಗೂ ಜಾಗವಿಲ್ಲವೆ? ಹಾಗಿದ್ದರೆ ಕೆಲಸಗಳನ್ನು ಕಾಲದಲ್ಲಿ ಬೇರ್ಪಡಿಸಬೇಕು. ಮೊದಲು ಐವತ್ತೂ ಚಿಪ್ಪುಗಳನ್ನು ಒತ್ತಿ ಮುಗಿಸಿ, ಮೇಜು ಒರೆಸಿ, ಆಮೇಲೆ ತಕ್ಕಡಿ ಹೊರತೆಗೆಯುವುದು. ಒಂದೇ ಒಲೆಯಿರುವ ಅಡುಗೆಮನೆಯಲ್ಲಿ ಅನ್ನ ಇಳಿಸಿದ ಮೇಲೆ ಸಾರು ಇಡುವುದಿಲ್ಲವೆ, ಹಾಗೆ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಎಂಬುದು ಅಲ್ಲಿನ ಕಟ್ಟುನಿಟ್ಟಿನ ಪದ್ಧತಿ. ಒಂದು ಬಗೆಯ ಮದ್ದು ಇನ್ನೊಂದರಂತೆಯೇ ಕಾಣುತ್ತದೆ, ಆದರೆ ಉರಿಯುವ ವೇಗ ಬೇರೆ.

ಜಾಗ ಕಡಿಮೆಯೆಂದು ಕೆಲವರು ಊಟದ ಮೇಜಿನ ಮೇಲೇ ಈ ಕೆಲಸ ಮಾಡುವುದುಂಟು. ಇದು ಮಾತ್ರ ಸಲ್ಲದು. ಸಾಮಾನ್ಯ ಕೇಪುಗಳಲ್ಲಿ ಸೀಸದ ಸಂಯುಕ್ತವಿರುತ್ತದೆ. ಹಾರಿಸಿದ ಚಿಪ್ಪಿನೊಳಗಿನ ಕಪ್ಪು ಮಸಿಯಲ್ಲಿ ಸೀಸದ ಪುಡಿ ಉಳಿದಿರುತ್ತದೆ. ಅದು ಕೈಗೆ, ಬಟ್ಟೆಗೆ, ನೆಲಹಾಸಿಗೆ ಅಂಟುತ್ತದೆ. ನೆಲದಲ್ಲಿ ಆಡುವ ಮಗು ಬೆರಳನ್ನು ಬಾಯಿಗಿಡುತ್ತದೆ. ಬೆಳೆಯುವ ಮಿದುಳಿಗೆ ಸೀಸ ವಿಷ. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಎಚ್ಚರ ವಹಿಸಬೇಕು ಎಂಬ ಮಟ್ಟವನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಪ್ರತಿ ಡೆಸಿಲೀಟರಿಗೆ 5ರಿಂದ 3.5 ಮೈಕ್ರೊಗ್ರಾಮಿಗೆ ಇಳಿಸಿತು. ಹಾಗಿದ್ದರೂ ಇದಕ್ಕಿಂತ ಕಡಿಮೆಯಿದ್ದರೆ ಅಪಾಯವಿಲ್ಲವೆಂದು ಯಾವ ವೈದ್ಯರೂ ಹೇಳುವುದಿಲ್ಲ. ಆದ್ದರಿಂದ ಈ ಮೇಜು ಎಷ್ಟೇ ಚಿಕ್ಕದಿರಲಿ, ಬೇರೆಯೇ ಇರಬೇಕು. ಅದರ ಕೆಳಗೆ ರತ್ನಗಂಬಳಿ ಇರಬಾರದು, ಹತ್ತಿರದಲ್ಲಿ ಕೈ ತೊಳೆಯಲು ನೀರಿರಬೇಕು. ನಮ್ಮಲ್ಲಿ ಹಳೆಯ ಬ್ಯಾಟರಿಗಳನ್ನು ಮನೆಯಂಗಳದಲ್ಲೇ ಬಿಚ್ಚುವವರು ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು.

ಮದ್ದು ಎಲ್ಲಿಡಬೇಕು? ಕಬ್ಬಿಣದ ತಿಜೋರಿಯಲ್ಲಿ ಎಂದು ನಿಮಗೆ ತೋರಬಹುದು. ಅಲ್ಲಿನ ಅಗ್ನಿಸುರಕ್ಷಾ ಸಂಹಿತೆ ಹೇಳುವುದು ಮರದ ಪೆಟ್ಟಿಗೆ. ಮನೆಯಲ್ಲಿ 20 ಪೌಂಡಿಗಿಂತ ಹೆಚ್ಚು ಮದ್ದಿದ್ದರೆ ಒಂದು ಇಂಚು ದಪ್ಪದ ಮರದ ಪೆಟ್ಟಿಗೆಯಲ್ಲಿಡಬೇಕು. ಬಿಡಿ ಮದ್ದು ಬೆಂಕಿ ತಗುಲಿದರೆ ಜೋರಾಗಿ ಉರಿಯುತ್ತದೆ. ಬಿಗಿಯಾಗಿ ಮುಚ್ಚಿಟ್ಟರೆ ಅನಿಲ ಹೊರಹೋಗಲಾರದೆ ಒತ್ತಡ ಏರಿ ಸ್ಫೋಟಿಸುತ್ತದೆ. ದೀಪಾವಳಿಯ ಸುರುಸುರು ಬತ್ತಿಗೂ ಬಿಗಿಯಾಗಿ ಸುತ್ತಿದ ಪಟಾಕಿಗೂ ಇರುವ ವ್ಯತ್ಯಾಸದಂತೆ. (ಇದನ್ನು ಬಿಚ್ಚಿ ನೋಡುವ ಪ್ರಯೋಗ ಯಾರೂ ಮಾಡಕೂಡದು.) ಮರದ ಪೆಟ್ಟಿಗೆ ಬೆಂಕಿಯ ಕಾವು ಒಳಗೆ ಮುಟ್ಟುವುದನ್ನು ತಡ ಮಾಡುತ್ತದೆ. ಒತ್ತಡ ಬಂದರೆ ಅದರ ಕೀಲು ಮೊದಲೇ ಬಿಟ್ಟುಕೊಡುತ್ತದೆ. ಮೇಜಿನ ಕೀಲು ಎಂದೂ ಬಿಡಬಾರದು, ಪೆಟ್ಟಿಗೆಯದು ಬೇಗ ಬಿಡಬೇಕು. ಎರಡನ್ನೂ ಮಾಡುವವನು ಒಬ್ಬನೇ ಬಡಗಿ!

ಇನ್ನು ಉಳಿದದ್ದು ದೀಪ. ಅದು ಮೇಜಿನ ಮೇಲೆ ಜಾಗ ತಿನ್ನದಂತೆ ಗೋಡೆಗೇ ಇರುತ್ತದೆ. ಸಾಲುಸಾಲು ಕುಳಿ ಕೊರೆದ ಒಂದು ಮರದ ತುಂಡಿನಲ್ಲಿ ಐವತ್ತು ಚಿಪ್ಪುಗಳು ಬಾಯಿ ಮೇಲಾಗಿ ನಿಂತಿರುತ್ತವೆ. ಮದ್ದು ಹಾಕಿ ಆಗಿದೆ, ಗುಂಡು ಕೂರಿಸಿಲ್ಲ. ಆತ ದೀಪವನ್ನು ಹತ್ತಿರಕ್ಕೆ ಬಾಗಿಸಿ ಒಂದೊಂದರೊಳಗೂ ಇಣುಕುತ್ತಾನೆ. ಎಲ್ಲದರಲ್ಲೂ ಮದ್ದು ಒಂದೇ ಮಟ್ಟಕ್ಕಿರಬೇಕು. ಒಂದರಲ್ಲಿ ತುಸು ಮೇಲೆ ಕಂಡರೆ, ಅಥವಾ ಕಂಡಂತೆ ಅನುಮಾನ ಬಂದರೂ, ಅದನ್ನು ಡಬ್ಬಿಗೆ ಸುರಿದು ಮತ್ತೆ ಮೊದಲಿನಿಂದ ತೂಗುತ್ತಾನೆ.